ಹಕ್ಕಿ ಮುಟ್ಟದ ಪೈರು

“ಎತ್ತಿದ ಕಾಲು ಹಂಗೇ ಹಿಂದಕ್ಕಿಡಿ ನಾಗೇಂದ್ರ. ಮುಂದಿಟ್ಟರೆ ಸಾಕ್ಷಿ ತುಳೀತೀರಿ!”

ಕಷ್ಟಪಟ್ಟು ಕಾಲನ್ನು ಹಿಂದಕ್ಕೆ ತಂದೆ. ಇಪ್ಪತ್ತಾರು ವರ್ಷದಿಂದ ಖಾಕಿ ತೊಟ್ಟ ಹೆಡ್ ಕಾನ್‌ಸ್ಟೇಬಲ್ ನಾನು. ಮಟಮಟ ಮಧ್ಯಾಹ್ನ, ಸತ್ತವರ ಗುಣಿಯ ಪಕ್ಕ, ಅಲಸಂದೆ ಮೊಳಕೆಗೆ ಹೆದರಿ ನಿಂತದ್ದು ಅದೇ ಮೊದಲು.

ಮಂಗಳಮ್ಮನವರು ಮೂಗು ಮಣ್ಣಿಗೆ ತಾಗುವಷ್ಟು ಬಗ್ಗಿ ಕುಕ್ಕರಗಾಲಲ್ಲಿ ಕೂತಿದ್ದರು. ಕೈಯಲ್ಲಿ ಭೂತಗನ್ನಡಿ, ಕಿವಿಯ ಮೇಲೆ ಪೆನ್ಸಿಲ್ಲು. ಬೀಜ ಪರೀಕ್ಷೆ ಮಾಡುವ ಸರ್ಕಾರಿ ಲ್ಯಾಬಿನಲ್ಲಿ ಮೂವತ್ತೆರಡು ವರ್ಷ ಮೊಳಕೆ ಎಣಿಸಿ ರಿಟೈರ್ ಆದವರು. ನೂರು ಕಾಳು ನೆನೆಹಾಕುವುದು, ಎಷ್ಟು ಮೊಳೆತವು, ಎಷ್ಟು ಕೊಳೆತವು ಎಂದು ಬರೆಯುವುದು, ಅದೇ ಉದ್ಯೋಗ. ಇಂಥವರನ್ನು ನಮ್ಮ ಇನ್‌ಸ್ಪೆಕ್ಟರ್ ಸಾಹೇಬರು ‘ಕರಕೊಂಡು ಹೋಗಿ ತೋರಿಸ್ಕೊಂಡು ಬಾ’ ಎಂದು ನನ್ನ ಕುತ್ತಿಗೆಗೆ ಕಟ್ಟಿದ್ದರು. ನನ್ನ ಗ್ರಹಚಾರ!

ಗುಣಿಯಲ್ಲಿರುವವರು ಹೆಡತಲೆ ಊರಿನ ಪುಟ್ಟಬಸವಯ್ಯ. ಹನ್ನೊಂದು ದಿನದ ಹಿಂದೆ, ಭಾನುವಾರ, ಅವರ ಕುಲಾಚಾರದಂತೆ ಕೂರಿಸಿ, ಸ್ವಂತ ಹೊಲದ ಬದುವಿನಲ್ಲೇ ಮಣ್ಣು ಮಾಡಿದ್ದರು. ಮೂರು ದಿನದ ಹಿಂದೆ ಮಗ ಗುರುಪ್ರಸಾದ್ ಠಾಣೆಗೆ ಬಂದು ಕಂಪ್ಲೇಂಟ್ ಕೊಟ್ಟ: ಕೂಲಿಯ ಚಿಕ್ಕಮಾದಮ್ಮ ಬೆರಕೆ ಸೊಪ್ಪಿನ ಸಾರಿಗೆ ಉಮ್ಮತ್ತಿ ಬೆರೆಸಿ ಅಪ್ಪನನ್ನು ಕೊಂದಿದ್ದಾಳೆ, ಗುಣಿ ತೆಗೆಸಿ ನೋಡಿ. ನಾಳೆ ಬೆಳಿಗ್ಗೆ ಹತ್ತಕ್ಕೆ ತಹಶೀಲ್ದಾರರ ಎದುರು ಗುಣಿ ತೆಗೆಯುವುದು ಗೊತ್ತಾಗಿತ್ತು.

ಚಿಕ್ಕಮಾದಮ್ಮನೂ ಮಂಗಳಮ್ಮನವರೂ ಒಂದೇ ಕೇರಿಯಲ್ಲಿ ಆಡಿ ಬೆಳೆದವರು. ‘ನಾಳೆ ಅಕ್ಕನ ಕೈಗೆ ಕೋಳ ಬೀಳೋದಾದರೆ, ನಾನು ಮಣ್ಣು ನೋಡದೆ ಬಿಡಲ್ಲ’ ಎಂದು ಇವರು ಸಾಹೇಬರ ಮುಂದೆ ಹಟ ಹಿಡಿದಿದ್ದರು.

“ಏನಾದ್ರೂ ಕಾಣಿಸ್ತಾ ಮೇಡಂ?” ಎಂದೆ. ಬೆನ್ನಿನ ಬೆವರು ಬೆಲ್ಟಿನವರೆಗೆ ಇಳಿದಿತ್ತು. ಹದಿನೈದು ದಿನದಿಂದ ಈ ಸೀಮೆಯಲ್ಲಿ ಒಂದು ಎಲೆ ಅಲ್ಲಾಡಿರಲಿಲ್ಲ. ನಾಲೆಯ ನೀರು ಕೂಡ ನಿಂತ ಹಾಗೆ ಕಾಣುತ್ತಿತ್ತು.

“ಮಾತಾಡಬೇಡಿ. ಅದನ್ನ ನೋಡಿ.”

ಒಂದು ಬೆಳವನ ಹಕ್ಕಿ ಗುಣಿಯ ಉತ್ತರದ ಅಂಚಿಗೆ ಬಂದು ಕೂತಿತು. ಮೊಳಕೆಗಳ ನಡುವೆ ಕುಕ್ಕುತ್ತ ಕುಕ್ಕುತ್ತ ನಡೆಯಿತು. ಗುಣಿಯ ನಟ್ಟನಡುವೆ ಬಂದದ್ದೇ ತಡ, ನಿಂತುಬಿಟ್ಟಿತು. ಕತ್ತು ಓರೆ ಮಾಡಿ ಮುಂದಿನ ಮಣ್ಣನ್ನು ನೋಡಿತು. ಆಮೇಲೆ ಬಂದ ದಾರಿಯಲ್ಲೇ ತಿರುಗಿ ಹೋಯಿತು.

ಅಲ್ಲಿ ಗೆರೆ ಎಳೆದಿರಲಿಲ್ಲ, ಕಲ್ಲು ಇಟ್ಟಿರಲಿಲ್ಲ. ನನ್ನ ಕೈಯ ರೋಮ ಎದ್ದು ನಿಂತವು.

“ಮೂರನೇ ಸಲ ನೋಡ್ತಾ ಇದೀನಿ,” ಎಂದರು ಮಂಗಳಮ್ಮ. “ನವಿಲು ಬಂತು, ಅದೂ ಅಲ್ಲೇ ನಿಲ್ತು. ಇರುವೆ ಸಾಲು ಕೂಡ ಸುತ್ತಿಕೊಂಡು ಹೋಗ್ತಾ ಇದೆ.”

“ಮೇಡಂ, ಸಂಜೆ ಬರೋಣ. ಈ ಹೊತ್ತಲ್ಲಿ ಇಂಥ ಜಾಗದಲ್ಲಿ ನಿಲ್ಲಬಾರದು ಅಂತ ನಮ್ಮವ್ವ ಹೇಳ್ತಿದ್ಲು.”

“ನಿಮ್ಮವ್ವ ಪೊಲೀಸ್ ಕೆಲಸ ಮಾಡಿದ್ರೆ ನಿಮಗಿಂತ ಚೆನ್ನಾಗಿ ಮಾಡೋರು. ಬನ್ನಿ ಇಲ್ಲಿ, ಕೂತ್ಕೊಳ್ಳಿ.”

ಕೂತೆ. ಮತ್ತೇನು ಮಾಡಲಿ?

“ಮೂರನೇ ದಿನ ಹಾಲುತುಪ್ಪದಲ್ಲಿ ಮನೆ ಹೆಂಗಸರು ಗುಣಿ ಮೇಲೆ ನವಧಾನ್ಯ ಚೆಲ್ಲಿದ್ರು. ಮಂಗಳವಾರ. ಇವತ್ತಿಗೆ ಒಂಬತ್ತು ದಿನ. ಈ ಉತ್ತರದ ಕಡೆ ಅಲಸಂದೆ ನೋಡಿ, ಜೋಡಿ ಎಲೆ ಬಂದು, ನಡುವೆ ಮೂರೆಲೆ ಸುಳಿ ಹೊರಟಿದೆ. ಒಂಬತ್ತು ದಿನದ ಗಿಡ ಹೀಗೇ ಇರೋದು. ಹಕ್ಕಿ ತಿಂದು ಅಲ್ಲೊಂದು ಇಲ್ಲೊಂದು ಉಳಿದಿವೆ. ಸರಿನಾ?”

“ಸರಿ.”

“ಈಗ ದಕ್ಷಿಣದ ಕಡೆ ನೋಡಿ.”

ಅಲ್ಲಿ ಪೈರು ಒತ್ತೊತ್ತಾಗಿ, ಹಲ್ಲುಜ್ಜುವ ಬ್ರಷ್ಷಿನ ಹಾಗೆ ನಿಂತಿತ್ತು. ಒಂದು ಕಾಳೂ ಹಕ್ಕಿಯ ಪಾಲಾಗಿರಲಿಲ್ಲ. ಆದರೆ ಎಲ್ಲ ಎಳಸು. ಬೇಳೆ ಆಗ ತಾನೇ ಬಿಚ್ಚಿಕೊಂಡಿತ್ತು.

“ಇದು ಐದು ದಿನದ್ದು,” ಎಂದರು. “ಒಂದು ದಿನ ಹೆಚ್ಚಿಲ್ಲ, ಕಮ್ಮಿಯಿಲ್ಲ. ಲಕ್ಷಗಟ್ಟಲೆ ಎಣಿಸಿದ್ದೀನಿ, ಇದರಲ್ಲಿ ನಾನು ತಪ್ಪಲ್ಲ. ಶನಿವಾರ ಹಾಕಿರೋ ಬೀಜ.”

“ಯಾರೋ ಭಕ್ತಿಯಿಂದ ಇನ್ನೊಂದು ಹಿಡಿ ಹಾಕಿರಬಹುದು.”

“ಇರಬಹುದು,” ಎಂದು ಅವರು ಪೆನ್ಸಿಲ್ಲಿನ ತುದಿಯಿಂದ ಎಳೆ ಪೈರಿನ ನಡುವೆ ಮಣ್ಣನ್ನು ಮೆಲ್ಲಗೆ ಕೆದಕಿದರು. ಎರಡು ಬೆರಳು ಆಳದಲ್ಲಿ ಬೆಳ್ಳಗೆ ಏನೋ ಕಂಡಿತು. ನಾನು ಹುಳು ಎಂದುಕೊಂಡೆ.

ಹುಳುವಲ್ಲ. ಅವರೆಯ ಗಿಡ. ತಲೆ ಕೆಳಗಾಗಿ ಹೂತುಹೋಗಿತ್ತು, ಬೇರು ಮೇಲೆ, ಎಲೆ ಕೆಳಗೆ. ಆ ಕತ್ತಲಲ್ಲೇ ಬಣ್ಣಗೆಟ್ಟು, ಗೇಣುದ್ದದ ಕತ್ತನ್ನು ಬಗ್ಗಿಸಿ, ಒಂದು ಸುತ್ತು ತಿರುಗಿ, ಮೇಲೆ ಬರುವ ದಾರಿ ಹುಡುಕಿಕೊಂಡಿತ್ತು. ನಾವು ನೋಡುವ ಹೊತ್ತಿಗೆ ಅದರ ತಲೆ ಮಣ್ಣಿನ ಹೊರಗೆ ಬರಲು ಒಂದು ಉಗುರಿನಷ್ಟು ಬಾಕಿಯಿತ್ತು. ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕ ಮತ್ತೊಂದು. ಎಲ್ಲ ಬೆಳ್ಳಗೆ, ಎಲ್ಲ ಮೇಲಕ್ಕೆ ಹೊರಟಿದ್ದವು.

“ಶಿವಶಿವಾ!” ಎಂದುಬಿಟ್ಟೆ.

“ತಲೆಕೆಳಗು ಹೂತರೂ ಗಿಡಕ್ಕೆ ಮೇಲೆ ಯಾವುದು, ಕೆಳಗೆ ಯಾವುದು ಅಂತ ಗೊತ್ತು ಕಣ್ರೀ. ಇವು ಮಂಗಳವಾರದ ಗಿಡಗಳು. ನಾಲ್ಕು ದಿನ ಬೆಳೆದ ಮೇಲೆ ಯಾರೋ ಇವನ್ನ ಮಣ್ಣು ಸಮೇತ ಅಗೆದು ಆಚೆ ಹಾಕಿ, ಮತ್ತೆ ತುಂಬಿದ್ದಾರೆ. ಮೇಲೆ ಹೊಸ ಬೀಜ ಚೆಲ್ಲಿದ್ದಾರೆ, ಬೋಳಾಗಿ ಕಾಣಬಾರದು ಅಂತ.”

ಅವರು ಒಂದು ಮೊಳಕೆಯ ಬುಡದಿಂದ ಕಾಳಿನ ಸಿಪ್ಪೆ ಬಿಡಿಸಿ ನನ್ನ ಅಂಗೈ ಮೇಲಿಟ್ಟರು. ಸಿಪ್ಪೆ ಗುಲಾಬಿ ಬಣ್ಣಕ್ಕಿತ್ತು.

“ಔಷಧಿ ಹಚ್ಚಿದ ಬಿತ್ತನೆ ಬೀಜ. ಓಡೋಕೆ ಕಾಲಿಲ್ಲದ ಗಿಡ ತನ್ನನ್ನ ತಾನೇ ಕಾಯ್ಕೋಬೇಕಲ್ಲ? ಎಳೆ ಜೋಳ ಮೈಯಲ್ಲೇ ವಿಷ ಇಟ್ಕೊಳ್ಳುತ್ತೆ, ಮೇಯ್ದ ದನ ಅಲ್ಲೇ ಬೀಳುತ್ತೆ. ಅಲಸಂದೆಗೆ ಆ ವಿದ್ಯೆ ಇಲ್ಲ. ಅದಕ್ಕೆ ಕಂಪನಿಯೋರು ಹೊರಗಿಂದ ಹಚ್ತಾರೆ. ಹಕ್ಕಿ ಮುಟ್ಟಲ್ಲ, ಇರುವೆ ಮುಟ್ಟಲ್ಲ. ಈ ಬಣ್ಣದ ಬೀಜ ಮೂಟೆಗಟ್ಟಲೆ ಎಲ್ಲಿರುತ್ತೆ ಹೇಳಿ?”

ಹೇಳಬೇಕಾದ್ದೇ ಇರಲಿಲ್ಲ. ಗುರುಪ್ರಸಾದನಿಗೆ ನರಸೀಪುರದಲ್ಲಿ ಬೀಜ-ಗೊಬ್ಬರದ ಅಂಗಡಿ ಇತ್ತು.

*

ನರಸೀಪುರಕ್ಕೆ ಹೊರಡುವ ಮುಂಚೆ ಮಂಗಳಮ್ಮನವರು ಜೀಪನ್ನು ಚಿಕ್ಕಮಾದಮ್ಮನ ಮನೆ ಮುಂದೆ ನಿಲ್ಲಿಸಿದರು. “ಅಕ್ಕನಿಗೆ ಒಂದು ಧೈರ್ಯ ಹೇಳಿ ಹೋಗೋಣ” ಎಂದರು.

ಅರವತ್ತೈದರ ಹೆಂಗಸು. ಮಗಳನ್ನು ತಾಂಡವಪುರಕ್ಕೆ ಕೊಟ್ಟು ಒಬ್ಬಳೇ ಇರುವವಳು. ತೋಳು ನೋಡಿದರೆ ನನಗಿಂತ ಗಟ್ಟಿ. ಕೊಲೆ ಆರೋಪ ಹೊತ್ತವಳು ಅಳುತ್ತ ಕೂತಿರುತ್ತಾಳೆ ಎಂದುಕೊಂಡಿದ್ದೆ. ಅವಳು ಹಿತ್ತಲಲ್ಲಿ ಸೊಪ್ಪು ಸೋಸುತ್ತಿದ್ದಳು.

“ಬಾ ಮಂಗಳಿ. ಬನ್ನಿ ಸಾ, ಕೂತ್ಕಳಿ. ಉಂಡ್ಕಂಡೇ ಓಗಬೇಕು.”

ಹಿತ್ತಲ ಕಲ್ಲಿನ ಮೇಲೆ ತೊಳೆದ ತಟ್ಟೆಗಳನ್ನು ಕವುಚಿ ಹಾಕಿತ್ತು. ಅವನ್ನೇ ತೆಗೆದು, ಸೆರಗಿನಲ್ಲಿ ಒರೆಸಿ, ಒಂದೊಂದು ಮುದ್ದೆ ಇಟ್ಟು ಸಾರು ಬಿಟ್ಟಳು. ಬೆರಕೆ ಸೊಪ್ಪಿನ ಸಾರು! ಕಂಪ್ಲೇಂಟ್ ಬರೆದುಕೊಂಡವನೇ ನಾನು, ‘ಬೆರಕೆ ಸೊಪ್ಪಿನ ಸಾರು’ ಎಂದು ನನ್ನ ಕೈಯಾರೆ ಬರೆದಿದ್ದೆ.

“ನಂಗೆ ಹೊಟ್ಟೆ ಸರಿ ಇಲ್ಲಮ್ಮ,” ಎಂದೆ.

ಚಿಕ್ಕಮಾದಮ್ಮ ನಕ್ಕಳು. “ಎದರ್ಕಬೇಡಿ ಸಾ. ಅಣ್ಣೆ ಸೊಪ್ಪು, ಕೀರೆ, ಗಣಿಕೆ, ನುಗ್ಗೆ. ನಮ್ಮವ್ವ ಯೋಳ್ಕೊಟ್ಟ ಸೊಪ್ಪುಗಳು. ಉಮ್ಮತ್ತಿ ಗುರುತು ಸಿಗ್ದೆ ಇದ್ರೆ ನಾನು ಇಷ್ಟು ವರ್ಸ ಬದುಕ್ತಿದ್ನಾ?”

“ನೀನೂ ಕೂತ್ಕೊಳ್ಳಕ್ಕ,” ಎಂದರು ಮಂಗಳಮ್ಮ.

“ನಂದು ಬೆಳಿಗ್ಗೇನೇ ಆಯ್ತು ಕಣವ್ವ. ಒಂದೊತ್ತು ಉಂಡ್ರೆ ಸಾಕು ಈಗ.”

ಮಂಗಳಮ್ಮನವರು ಬೆರಳು ನೆಕ್ಕಿಕೊಂಡು ಉಂಡರು. ನಾನು ಮುದ್ದೆಯನ್ನು ಉರುಳಿಸುತ್ತ ಕೂತೆ. ಮರ್ಯಾದೆಗೆ ನಾಲ್ಕು ತುತ್ತು ನುಂಗಿದೆ, ಅಷ್ಟರಲ್ಲಿ ಇಡೀ ಮುದ್ದೆ ಖಾಲಿಯಾಗಿತ್ತು. ಸಾರು ಅಷ್ಟು ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

“ಯಜಮಾನ್ರು ನಿನ್ನ ಮನೆ ಸಾರು ತಿಂತಿದ್ದದ್ದು ನಿಜವಾ ಅಕ್ಕ?”

ಅವಳು ಒಂದು ಕಡ್ಡಿಯ ಸೊಪ್ಪನ್ನೆಲ್ಲ ಬಿಡಿಸಿ ಹಾಕಿದಳು. “ಮೂವತ್ತು ವರ್ಸದಿಂದ. ಬದಿನ ಮ್ಯಾಲೆ ಕೂತ್ಕಂಡು, ಎಲೆ ಮ್ಯಾಲೆ. ಯಾರಿಗೂ ಕಾಣ್ದಂಗೆ. ಅವ್ರಿಗೆ ನಾನು ವಿಸ ಇಕ್ತೀನಾ ಮಂಗಳಿ? ನೀನೇ ಯೋಳು.”

“ಇಲ್ಲ ಅಂತ ನಂಗೆ ಗೊತ್ತಕ್ಕ. ಅದಕ್ಕೇ ಬಂದಿದ್ದೀನಿ.” ಕೈ ತೊಳೆಯಲು ಎದ್ದ ಮಂಗಳಮ್ಮ ಹಿತ್ತಲ ಮೂಲೆಯಲ್ಲಿ ನಿಂತರು. ಅಲ್ಲಿ ನೆಲದಲ್ಲಿ ಒಂದು ಗುಂಡಿ, ಒಳಗೆ ಒಲೆಬೂದಿ ಸುರಿದಿತ್ತು. “ಅಯ್ಯೋ, ನಾನು ಲ್ಯಾಬಿಂದ ಮರಿಕಂದು ತಂದು ಕೊಟ್ಟಿದ್ದ ಕೆಂಪು ದಿಂಡಿನ ಚಂದ್ರಬಾಳೆ ಎಲ್ಲಿ? ಊರಿಗೆಲ್ಲ ಇದ್ದದ್ದು ಅದೊಂದೇ.”

“ಗಾಳಿಗೆ ಬಿತ್ತು ಕಣವ್ವ, ಓದ ವಾರ. ಗೆಡ್ಡೆ ಸಮೇತ ಕಿತ್ಕಬಂತು.”

“ಅಯ್ಯೋ ಪಾಪ. ಗೊನೆನೂ ಬಿಟ್ಟಿರಲಿಲ್ಲ,” ಎಂದು ಮಂಗಳಮ್ಮ ಲೊಚಗುಟ್ಟಿದರು. “ಹೋಗಲಿ ಬಿಡು, ಇನ್ನೊಂದು ತಂದುಕೊಡ್ತೀನಿ.”

*

ಗುರುಪ್ರಸಾದನ ಅಂಗಡಿಯಲ್ಲಿ ಗೊಬ್ಬರದ ಘಾಟು ಕಣ್ಣಿಗೆ ಹೊಡೆಯುತ್ತಿತ್ತು. ಕೇಶಮುಂಡನ ಮಾಡಿಸಿದ ತಲೆ, ಹಣೆಯಲ್ಲಿ ವಿಭೂತಿ, ಕಣ್ಣ ಕೆಳಗೆ ಕಪ್ಪು. ನಮ್ಮನ್ನು ಕಂಡು ಎದ್ದು ನಿಂತ.

“ಬನ್ನಿ ಸಾರ್. ನಾಳೆ ಹತ್ತಕ್ಕೆ ತಾನೆ? ತಹಶೀಲ್ದಾರ್ ಬರ್ತಾರೆ ತಾನೆ?”

ಮಂಗಳಮ್ಮನವರು ಬಾಯಿ ಬಿಚ್ಚಿದ ಮೂಟೆಯೊಂದಕ್ಕೆ ಕೈ ಹಾಕಿ ಒಂದು ಹಿಡಿ ಗುಲಾಬಿ ಕಾಳು ತೆಗೆದರು. ಪಕ್ಕದಲ್ಲಿ ಕಾಗದ ಬಿಚ್ಚಿ ಗುಣಿಯ ಸಿಪ್ಪೆ ಇಟ್ಟರು. ಆತನ ಕಣ್ಣು ಎರಡರ ಮೇಲೂ ಓಡಾಡಿತು.

“ನಿಮ್ಮ ತಂದೆಯವರ ಗುಣಿ ಮೇಲೆ ಸಿಕ್ತು,” ಎಂದರು.

“ಅದಕ್ಕೇನೀಗ? ಈ ಊರಲ್ಲಿ ಬೀಜದಂಗಡಿ ನಂದೊಂದೇನಾ ಮೇಡಂ?”

“ಅಲ್ಲ. ಆದ್ರೆ ಔಷಧಿ ಹಚ್ಚಿದ ಬೀಜನ ದೇವರಿಗೂ ಇಡಲ್ಲ, ಸತ್ತವರಿಗೂ ಇಡಲ್ಲ. ನಿಮ್ಮ ತಾಯಿ ಪುಟ್ಟಬಸಮ್ಮನವರಿಗೆ ಅದು ಗೊತ್ತು, ನಿಮ್ಮ ಹೆಂಡತಿಗೆ ಗೊತ್ತು. ಯಾವ ಹೆಂಗಸಾದ್ರೂ ಅಡುಗೆಮನೆ ಡಬ್ಬದಿಂದ ಕಾಳು ತರ್ತಾಳೆ. ಅಡುಗೆಮನೇಲಿ ಡಬ್ಬ ಎಲ್ಲಿದೆ ಅಂತ ಗೊತ್ತಿಲ್ಲದ ಗಂಡಸು ಮಾತ್ರ ಅಂಗಡಿ ಮೂಟೆಗೆ ಕೈ ಹಾಕ್ತಾನೆ.”

“ಸುಮ್ಮನೆ ಏನೇನೋ ಮಾತಾಡಬೇಡಿ!”

“ಶನಿವಾರ ನೀವು ಗುಣಿ ಅಗೆದಿರಿ. ಸೋಮವಾರ ಬಂದು ಗುಣಿ ತೆಗೆಸಿ ಅಂತ ಕಂಪ್ಲೇಂಟ್ ಕೊಟ್ಟಿರಿ. ಒಳಗೆ ಇರೋದನ್ನ ಕದ್ದವನು ಪೊಲೀಸರನ್ನ ಕರೆಯಲ್ಲ. ಕರೀತಾನೆ ಅಂದ್ರೆ, ಒಳಗೆ ಏನೋ ಇಟ್ಟಿದ್ದಾನೆ. ಉಮ್ಮತ್ತಿ ಕಾಯಿ ಎಲ್ಲಿಟ್ಟಿರಿ ಹೇಳಿ. ಬಾಯಲ್ಲೋ, ಕೈಯಲ್ಲೋ?”

ನನಗೇ ಮೈ ಬೆಚ್ಚಗಾಯಿತು. ಮೊಳಕೆ ಎಣಿಸುವ ಮುದುಕಿ ಅಂದುಕೊಂಡಿದ್ದೆನಲ್ಲ! ನನ್ನ ಕೈ ತಾನಾಗಿಯೇ ಲಾಠಿಗೆ ಹೋಯಿತು.

ಗುರುಪ್ರಸಾದ್ ಕೂಗಾಡಲಿಲ್ಲ. ಬಂದು ಅಂಗಡಿಯ ಷಟರನ್ನು ಅರ್ಧಕ್ಕೆ ಎಳೆದ. ಕತ್ತಲಾದ ಅಂಗಡಿಯಲ್ಲಿ ಗೊಬ್ಬರದ ಮೂಟೆಯ ಮೇಲೆ ಕುಸಿದು ಕೂತ.

“ಶುಕ್ರವಾರ ಮಧ್ಯಾಹ್ನ ನಂಗೊಂದು ಮಿಸ್ಡ್ ಕಾಲ್ ಬಂತು,” ಎಂದ. “ಅಪ್ಪನ ನಂಬರಿಂದ.”

ನಾನು ಲಾಠಿಯಿಂದ ಕೈ ತೆಗೆದೆ.

“ಅಪ್ಪ ಹೋದ ದಿನದಿಂದ ಅವರ ಫೋನ್ ಸಿಕ್ಕಿರಲಿಲ್ಲ. ಕೀಪ್ಯಾಡ್ ಸೆಟ್ಟು, ಯಾವಾಗ್ಲೂ ಅಂಗಿ ಜೇಬಲ್ಲೇ ಇರ್ತಿತ್ತು. ಅದೇ ಅಂಗೀಲೇ ಕೂರಿಸಿಬಿಟ್ವಿ, ಜೇಬು ನೋಡಲಿಲ್ಲ. ವಾಪಸ್ ಮಾಡಿದೆ, ಸ್ವಿಚ್ ಆಫ್. ಊರ ಡಾಕ್ಟರು ಬರೀ ಕೈ ಹಿಡಿದು ನೋಡಿ ಜೀವ ಹೋಗಿದೆ ಅಂದಿದ್ರು ಸಾರ್. ಬೇಗ ಮಣ್ಣು ಮಾಡೋಣ ಅಂತ ಅವಸರ ಮಾಡಿದ್ದೂ ನಾನೇ. ಆ ರಾತ್ರಿ ಕಣ್ಣು ಮುಚ್ಚಲಿಲ್ಲ ನಾನು. ಅಪ್ಪನ್ನ ಜೀವ ಇದ್ದಂಗೇ ಹೂತುಬಿಟ್ನಾ ಅಂತ...” ಅವನು ಅಂಗೈಯಿಂದ ಮುಖ ಒರೆಸಿಕೊಂಡ. “ಶನಿವಾರ ಊರೆಲ್ಲ ನಂಜನಗೂಡಿಗೆ ಮದುವೆಗೆ ಹೋಗಿತ್ತು. ಗುದ್ದಲಿ ತಗೊಂಡು ಹೋದೆ.”

“ಏನಿತ್ತು?” ಎಂದೆ.

“ಎದೆಮಟ್ಟ ಅಗೆದೆ. ಅಪ್ಪನ ಶಾಲು ಕಾಣಿಸ್ತು, ಸುತ್ತಿದ ಹಂಗೇ ಇತ್ತು. ಕೂತ ಹಂಗೇ ಇತ್ತು. ಅಪ್ಪಾ ಅಂತ ಶಾಲು ಹಿಡಿದು ಎಳೆದೆ. ಒಳಗೆ...” ಅವನು ಎರಡೂ ಕೈಯಿಂದ ಬೋಳು ತಲೆ ಹಿಡಿದುಕೊಂಡ. “ಒಳಗೆ ಅಪ್ಪ ಇರಲಿಲ್ಲ ಮೇಡಂ. ಬಾಳೆದಿಂಡು. ಗೆಡ್ಡೆ ಸಮೇತ ಕಿತ್ತ ಬಾಳೆನ ಎದೆ ಎತ್ತರಕ್ಕೆ ಕಡಿದು, ಅಪ್ಪನ ಶಾಲು ಸುತ್ತಿ ಕೂರಿಸಿದ್ರು. ಅದು ಬೆಳೀತಾ ಇತ್ತು. ತಲೆ ಇರಬೇಕಾದ ಜಾಗದಲ್ಲಿ ಶಾಲಿನಿಂದ ಬೆಳ್ಳಗೆ ಸುಳಿ ಮೇಲಕ್ಕೆ ಬಂದಿತ್ತು.”

ಹೊರಗೆ ರಸ್ತೆಯಲ್ಲಿ ಬಸ್ಸು ಹೋಯಿತು. ಒಂದು ಗುಟುಕು ನೀರಿಗಾಗಿ ನಾನು ಸುತ್ತ ನೋಡಿದೆ. ಎಲ್ಲ ಕ್ಯಾನುಗಳ ಮೇಲೂ ತಲೆಬುರುಡೆಯ ಚಿತ್ರವೇ ಇತ್ತು.

“ಹಾಲುತುಪ್ಪದ ದಿನ ಅವ್ವ ಆ ಗುಣಿ ಮೇಲೆ ಬಿದ್ದು ಹೊರಳಾಡಿ ಅತ್ತಳು,” ಎಂದ ಅವನು. “ಬಾಳೆದಿಂಡಿಗೆ ಹಾಲು ಹೊಯ್ದು ಬಂದಿದ್ದೀವಿ ನಾವು. ನಾನೇ ಅಗೆದೆ ಅಂತ ಯಾರಿಗೆ ಹೇಳಲಿ? ಸಂಜೆ ಬೋಳು ಮಣ್ಣು ನೋಡಿ ಹೆದರಿ ಅಂಗಡಿ ಬೀಜ ಚೆಲ್ಲಿದೆ. ವಿಷ ಅಂತ ಬರೆದುಕೊಟ್ಟರೆ ನೀವೇ ತೆಗೀತೀರಿ, ಎಲ್ಲರ ಎದುರಿಗೆ ಗೊತ್ತಾಗುತ್ತೆ ಅಂತ ಕಂಪ್ಲೇಂಟ್ ಕೊಟ್ಟೆ.”

“ಚಿಕ್ಕಮಾದಮ್ಮನ ಹೆಸರು ಯಾಕೆ ಬರೆಸಿದೆ?” ಮಂಗಳಮ್ಮನವರ ದನಿ ಗಡುಸಾಗಿತ್ತು. “ಬಡವಳು, ಕೇಳೋರಿಲ್ಲ ಅಂತ ತಾನೆ?”

“ಅಪ್ಪ ಕೊನೆಗೆ ತಿಂದದ್ದು ಅವಳ ಕೈಯದ್ದು, ಕದ್ದು ತಿಂತಿದ್ದದ್ದು ನಂಗೆ ಗೊತ್ತಿತ್ತು. ಯಾರದೋ ಒಂದು ಹೆಸರು ಬೇಕಿತ್ತು. ಅವಳದ್ದೇ ಬಾಯಿಗೆ ಬಂತು.”

“ಥೂ ನಿನ್ನ!” ಎಂದೆ. ತಡೆಯಲಾಗಲಿಲ್ಲ.

ಮಂಗಳಮ್ಮ ಕೈಯೆತ್ತಿ ನನ್ನನ್ನು ಸುಮ್ಮನಿರಿಸಿದರು. “ಸುಳಿ ಎಷ್ಟುದ್ದ ಇತ್ತು?”

ಅವನು ಬಲಗೈ ಚಾಚಿ ಮೊಣಕೈ ತೋರಿಸಿದ. ಬೆರಳ ತುದಿಯಿಂದ ಮೊಣಕೈವರೆಗೆ, ಒಂದು ಮೊಳ.

ಅವರು ಕಣ್ಣು ಮುಚ್ಚಿ ಲೆಕ್ಕ ಹಾಕಿದರು. “ಮಣ್ಣಿನ ಭಾರ, ಕತ್ತಲು. ಐದಾರು ದಿನ. ಮಣ್ಣು ಮಾಡಿದ ರಾತ್ರಿನೋ ಮಾರನೇ ರಾತ್ರಿನೋ ಕಡಿದದ್ದು. ಯಾವ ಬಾಳೆ ಅಂತ ನೋಡಿದ್ರಾ? ದಿಂಡಿನ ಬಣ್ಣ?”

“ಕೆಂಪು ಮೇಡಂ. ಕಡುಕೆಂಪು. ಅದಕ್ಕೇ ಮೊದಲು ರಕ್ತ ಅಂತ ಹೆದರಿದ್ದು.”

ಮಂಗಳಮ್ಮನವರ ಕೈಯಲ್ಲಿದ್ದ ಕಾಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಅವರು ಅದನ್ನು ಗಮನಿಸಲಿಲ್ಲ. ಷಟರಿನ ಕೆಳಗೆ ಬಗ್ಗಿ ಹೊರಗೆ ಹೋಗಿ ಜೀಪಿನಲ್ಲಿ ಕೂತರು.

ನಾನು ಸ್ಟೇರಿಂಗ್ ಹಿಡಿದೆ, ಕೀಲಿ ತಿರುಗಿಸಲಿಲ್ಲ. ಎದುರಿಗಿದ್ದ ಅರಳಿಮರದಲ್ಲಿ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಇವತ್ತಲ್ಲ, ನಿನ್ನೆಯಲ್ಲ, ಹದಿನೈದು ದಿನದಿಂದ.

“ಮೇಡಂ, ಗಾಳಿ...”

“ಗೊತ್ತು ಕಣಪ್ಪ,” ಎಂದರು. ಕಣ್ಣು ತುಂಬಿತ್ತು. “ನಾನೇ ಕೊಟ್ಟ ಕಂದು. ಅವಳನ್ನ ಉಳಿಸೋಕೆ ಅಂತ ಬಂದೆ. ನಾಳೆ ಹತ್ತಕ್ಕೆ ಆ ಗುಣಿ ತೆಗೆದರೆ, ಇಡೀ ಊರು ನೋಡೋದು ಅವಳ ಹಿತ್ತಲ ಬಾಳೆನ. ಹೆಣ ಎಲ್ಲಿಟ್ಟೆ ಅಂತ ಅವಳನ್ನೇ ಕೇಳ್ತಾರೆ.”

ಹೆಣ. ಆ ಮಾತು ಕಿವಿಗೆ ಬಿದ್ದೊಡನೆ ನನಗೆ ಹಿತ್ತಲ ಕಲ್ಲು ಕಣ್ಣಿಗೆ ಕಟ್ಟಿತು. ನಾವು ಹೋದಾಗ ತಟ್ಟೆಗಳ ನೀರು ಇನ್ನೂ ಆರಿರಲಿಲ್ಲ.

“ಮೇಡಂ, ಚಿಕ್ಕಮಾದಮ್ಮ ಒಬ್ಬಳೇ ತಾನೆ ಇರೋದು?”

“ಹೌದು. ಯಾಕೆ?”

“ಹೆಣ ಫೋನ್ ಮಾಡಲ್ಲ ಮೇಡಂ. ತಾನು ಬೆಳಿಗ್ಗೆಯೇ ಉಂಡೆ, ಒಂದೇ ಹೊತ್ತು ಅಂದಳಲ್ಲ? ನಾವು ಹೋಗೋ ಮುಂಚೇನೇ ಕಲ್ಲಿನ ಮೇಲೆ ತೊಳೆದು ಕವುಚಿದ್ದದ್ದು ಎರಡು ತಟ್ಟೆ.”